ಬಲತೋಳಿನ ಒಳಹೊಲಿಗೆ

ಫೆಬ್ರವರಿ 2, ಸೋಮವಾರ

ಅಮ್ಮಾ,

ಜೊತೆಗಿರುವ ದೊಡ್ಡ ಪೊಟ್ಟಣ ನೋಡಿ ಗಾಬರಿಯಾಗಬೇಡ. ಅದು ನಾನು ಬೈಕ್ ಓಡಿಸುವಾಗ ಹಾಕಿಕೊಳ್ಳುವ ಚರ್ಮದ ಸೂಟು. ಹೋದ ವಾರ ಟ್ರ್ಯಾಕಿನಲ್ಲಿ ಬೈಕು ನಿಲ್ಲಿಸುವಾಗ ಕಾಲು ಜಾರಿ ನಿಂತಲ್ಲೇ ಬಿದ್ದೆ. ನನಗೆ ಏನೂ ಆಗಿಲ್ಲ. ಬಲತೋಳು ಮಾತ್ರ ಸ್ವಲ್ಪ ಉಜ್ಜಿದೆ. ಚರ್ಮ ಹೊಲಿಯುವವರು ಈ ಊರಲ್ಲೂ ಇದ್ದಾರೆ, ಆದರೆ ಮನೆಯಲ್ಲೇ ನೀನಿರುವಾಗ ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ನಮ್ಮ ಒಪ್ಪಂದದ ಪ್ರಕಾರವೇ ನಡೆದುಕೊಂಡಿದ್ದೇನೆ, ನೋಡು. ಫೋನಿನಲ್ಲಿ ಊಟ, ನೆಗಡಿ, ಅಪ್ಪನ ಮಂಡಿನೋವು. ಬೈಕಿನ ವಿಷಯ ಕಾಗದದಲ್ಲಿ ಮಾತ್ರ. ಹೋದ ವರ್ಷ ನಾವಿಬ್ಬರೂ ಫೋನಿನಲ್ಲಿ ಕಿರುಚಾಡಿದ ಮೇಲೆ ಅಪ್ಪ ಮಾಡಿಕೊಟ್ಟ ಈ ನಿಯಮದಿಂದ ಇಬ್ಬರ ಗಂಟಲೂ ಉಳಿದಿದೆ. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಬೆಳಗ್ಗೆಯೇ ನಾನು ಫೋನ್ ಆರಿಸಿಬಿಡುತ್ತೇನೆ ಎಂದು ನಿನಗೆ ಬೇಸರ. ಏನು ಮಾಡಲಿ, ನಿನ್ನ ದನಿ ಕೇಳಿದರೆ ಮರುದಿನ ಪ್ರತಿ ತಿರುವಿನಲ್ಲೂ ನೀನು ಹಿಂದಿನ ಸೀಟಿನಲ್ಲಿ ಕೂತು 'ನಿಧಾನ, ನಿಧಾನ' ಅಂದ ಹಾಗಾಗುತ್ತದೆ.

ಇನ್ನೊಂದು ವಿಷಯವಿದೆ. ನಾಲ್ಕು ವರ್ಷದಿಂದ ಟ್ರ್ಯಾಕ್ ಡೇಗಳಿಗೆ ಹೋಗುತ್ತಿದ್ದೇನಲ್ಲ, ಅಲ್ಲಿ ಸ್ಪರ್ಧೆಯಿಲ್ಲ. ಒಂದೊಂದು ಸರದಿಗೂ ಇಪ್ಪತ್ತು ನಿಮಿಷ ಸುತ್ತುವುದು, ನಲವತ್ತು ನಿಮಿಷ ಕೂರುವುದು. ತಿರುವಿನೊಳಗೆ ಯಾರೂ ಯಾರನ್ನೂ ಹಿಂದೆ ಹಾಕಬಾರದು, ಯಾರೂ ಸಮಯ ಬರೆದುಕೊಳ್ಳುವುದಿಲ್ಲ. ಸಂಜೆ ಎಲ್ಲರೂ ತಾವೇ ಚೆನ್ನಾಗಿ ಓಡಿಸಿದೆವೆಂದುಕೊಂಡು ಮನೆಗೆ ಹೋಗುತ್ತಾರೆ. ಈಗ ಮೀಸೆ (ನಮ್ಮ ಮೆಕ್ಯಾನಿಕ್, ನಾನು ಬೈಕಿಡುವ ಗ್ಯಾರೇಜು ಅವನದೇ) ಕ್ಲಬ್ ರೇಸಿಗೆ ಹೆಸರು ಕೊಡು ಅನ್ನುತ್ತಿದ್ದಾನೆ. ನನ್ನಂಥ ಹವ್ಯಾಸಿಗಳೇ, ಹತ್ತೊಂಬತ್ತು ಬೈಕು, ಎಂಟು ಸುತ್ತು. ಮೊದಲನೆಯದು ಮಾರ್ಚ್ 29ಕ್ಕೆ. ಹೋಗಲೋ ಬೇಡವೋ ಇನ್ನೂ ಗೊತ್ತಿಲ್ಲ. ನಿನಗೆ ತಿಳಿಸದೆ ತೀರ್ಮಾನಿಸಬಾರದು ಅನ್ನಿಸಿತು.

ನಿನ್ನ ಮಗಳು


ಫೆಬ್ರವರಿ 9, ಸೋಮವಾರ

ಮಗಳಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂದರೆ ನಿಮ್ಮಪ್ಪ ಚೆನ್ನಾಗಿದ್ದಾರೆ.

ನಿನ್ನ ಸೂಟನ್ನು ಅಂಗಡಿಯ ದೊಡ್ಡ ಮೇಜಿನ ಮೇಲೆ ಹರವಿ ಕಿಟಕಿಯ ಬೆಳಕಿನಲ್ಲಿ ನೋಡಿದೆ. ನಿಂತಲ್ಲೇ ಬಿದ್ದವಳ ಸೂಟಿನಲ್ಲಿ ಮೊಣಕೈ ಹತ್ತಿರ ಒಂದು ಗುಂಡಿಯಷ್ಟಗಲ ಉಜ್ಜಿರುತ್ತದೆ, ಅಷ್ಟೆ. ಇದರಲ್ಲಿ ಭುಜದಿಂದ ಮೊಣಕೈವರೆಗೆ ನಾಲ್ಕು ಬೆರಳಗಲ ಚರ್ಮ ಸವೆದು ಕಾಗದದಂತಾಗಿದೆ. ಗೀರುಗಳೆಲ್ಲ ಒಂದೇ ದಿಕ್ಕಿಗಿವೆ. ಸೊಂಟದ ಹತ್ತಿರ ಮಾತ್ರ ಅಡ್ಡಡ್ಡ. ಅಂದರೆ ನೀನು ಮೊದಲು ಜಾರಿದೆ, ತುಂಬ ದೂರ ಜಾರಿದೆ, ಆಮೇಲೆ ಉರುಳಿದೆ. ಹೊಲಿಗೆಯ ಸಂದಿನಲ್ಲಿ ಸಿಕ್ಕಿದ್ದ ಕಲ್ಲಿನ ಚೂರುಗಳನ್ನು ಚಿಮಟದಲ್ಲಿ ತೆಗೆದೆ. ಹನ್ನೊಂದು ಇದ್ದವು. ಬೈಕು ನಿಲ್ಲಿಸುವ ಜಾಗದಲ್ಲಿ ಜಲ್ಲಿ ಹಾಸಿರುತ್ತಾರೆಯೇ?

ಬಸ್ಸಿನ ಸೀಟು, ಡಾಕ್ಟರ ಚೀಲ, ನಾಯಿಯ ಪಟ್ಟಿ ಎಲ್ಲ ಹೊಲಿದು ಮೂವತ್ತು ವರ್ಷ ಆಯಿತು. ಯಾರ ಕಣ್ಣಿಗೆ ಬೇಕಾದರೂ ಮಣ್ಣೆರಚು, ನನ್ನ ಮೇಜಿನ ಮೇಲೆ ಚರ್ಮ ಇಟ್ಟುಬಿಟ್ಟು ನನಗೆ ಸುಳ್ಳು ಬರೆಯಬೇಡ.

ನಿಮ್ಮಪ್ಪನಿಗೆ ಹೇಳಿದೆ. "ಅವಳಿಗೆ ಮೂವತ್ತಾರು ವರ್ಷ ಕಣೇ" ಅಂದು ಪೇಪರಿನ ಇನ್ನೊಂದು ಪುಟ ತಿರುಗಿಸಿದರು. ವಯಸ್ಸಾದರೆ ಮೂಳೆ ಗಟ್ಟಿಯಾಗುತ್ತದೆ ಎಂದು ಆ ಪೇಪರಿನಲ್ಲಿ ಬರೆದಿತ್ತೋ ಏನೋ.

ರೇಸೋ, ಟ್ರ್ಯಾಕ್ ಡೇಯೋ ಎಂದು ಕೇಳಿದ್ದೀಯೆ. ನನಗೆ ಕೇಳಿಸುವುದು ಹೇಗೆ ಗೊತ್ತೇ? ಎರಡನೇ ಮಹಡಿಯಿಂದ ಹಾರಲೋ ನಾಲ್ಕನೆಯದರಿಂದಲೋ ಅಂದ ಹಾಗೆ. ಎರಡನೆಯದರಿಂದಲೇ ಹಾರು ಎಂದು ಯಾವ ತಾಯಿ ಬರೆಯುತ್ತಾಳೆ? ಆದರೂ ಬರೆಯುತ್ತೇನೆ. ಯಾರೂ ಯಾರನ್ನೂ ಹಿಂದೆ ಹಾಕಬಾರದ ಕಡೆಯೇ ಇರು.

ಮೊದಲು ನಿಜ ಬರಿ. ಆಮೇಲೆ ತೋಳು ಹೊಲಿಯುತ್ತೇನೆ.

ಅಮ್ಮ


ಫೆಬ್ರವರಿ 15, ಭಾನುವಾರ

ಅಮ್ಮಾ,

ನಿಜ ಇದು. ಮಧ್ಯಾಹ್ನದ ಸರದಿಯಲ್ಲಿ ಹಸಿರು ಹೆಲ್ಮೆಟ್ಟಿನವನೊಬ್ಬ ತಿರುವಿನೊಳಗೇ ನನ್ನನ್ನು ಹಿಂದೆ ಹಾಕಿದ. ಹಾಗೆ ಮಾಡಬಾರದು ಎಂದು ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಸುತ್ತು ಅವನನ್ನು ಅಟ್ಟಿಸಿಕೊಂಡು ಹೋದೆ. ಮೂರನೆಯದರಲ್ಲಿ ಅದೇ ತಿರುವಿನಲ್ಲಿ, ನನ್ನ ಕೈಲಾಗದ ವೇಗದಲ್ಲಿ, ಅವನ ಪಕ್ಕಕ್ಕೆ ನುಗ್ಗಿದೆ. ಮುಂದಿನ ಚಕ್ರ ಜಾರಿತು. ಜಲ್ಲಿಯಲ್ಲಿ ಉರುಳುವಾಗಲೂ ಅವನು ಎಷ್ಟು ಮುಂದೆ ಹೋದ ಎಂದೇ ನೋಡುತ್ತಿದ್ದೆ. ಭುಜ ಹತ್ತು ದಿನ ನೀಲಿಯಾಗಿತ್ತು. ಈಗ ಸರಿಹೋಗಿದೆ. ಸುಳ್ಳು ಬರೆದದ್ದು ತಪ್ಪು.

ಅಂದರೆ, ರೇಸ್ ಮಾಡಬಾರದ ಕಡೆ ನಾನು ಆಗಲೇ ರೇಸ್ ಮಾಡಿದ್ದೇನೆ ಅಮ್ಮ. ಅದೇ ನನ್ನ ತಲೆ ತಿನ್ನುತ್ತಿದೆ. ಒಂದೋ ಈ ಚಟ ಬಿಡಬೇಕು, ಇಲ್ಲ ಅದಕ್ಕೆ ಅವಕಾಶ ಇರುವ ಕಡೆ ಹೋಗಬೇಕು. ನನ್ನ ಕೆಲಸ ನಿನಗೆ ಗೊತ್ತಿದೆ. ದಿನಕ್ಕೆ ಆರು ಕಟ್ಟಡ, ಆರು ಲಿಫ್ಟು. ಹಗ್ಗ ನೋಡಿ, ಬ್ರೇಕು ನೋಡಿ, ಸಹಿ ಹಾಕಿ ಬರುತ್ತೇನೆ. ಎಲ್ಲ ಸರಿಯಿದ್ದರೆ ನಾನು ಬಂದು ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಒಂದು ಕೆಲಸವನ್ನಾದರೂ ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂದು ಗೋಡೆಯ ಮೇಲೆ ಅಂಟಿಸಿದ್ದನ್ನು ಒಂದು ಸಲ ನೋಡಬೇಕು. ಹತ್ತೊಂಬತ್ತನೆಯವಳಾದರೂ ಪರವಾಗಿಲ್ಲ.

ರೇಸಿನಲ್ಲಿ ಪರೀಕ್ಷೆ ಜೋರು. ಬೈಕಿನ ಮುಖ್ಯ ಬೋಲ್ಟುಗಳು ಸಡಿಲವಾಗದಂತೆ ಎಲ್ಲಕ್ಕೂ ತಂತಿ ಬಿಗಿದಿರಬೇಕು. ಸೂಟಿನ ಅಸ್ತರು ಸರಿಸಿ, ತೋಳು ತಿರುವಿ, ಒಳಹೊಲಿಗೆ ಎರಡು ಸಾಲಿದೆಯೇ ಎಂದು ಬೆರಳಿಟ್ಟು ಎಣಿಸುತ್ತಾರಂತೆ. ಒಂದೇ ಸಾಲಿದ್ದರೆ ಸೂಟು ವಾಪಸ್ಸು, ನಾವೂ ವಾಪಸ್ಸು. ಟ್ರ್ಯಾಕ್ ಡೇಯಲ್ಲಿ ಜಿಪ್ ಎಳೆದಿದೆಯಾ ನೋಡಿ ಬೆನ್ನು ತಟ್ಟಿ ಬಿಡುತ್ತಾರೆ. ಅದಕ್ಕೆ ಹೇಳಿದೆ, ಎರಡು ಸಾಲು ಮರೆಯಬೇಡ.

ಮಗಳು


ಫೆಬ್ರವರಿ 24, ಮಂಗಳವಾರ

ಮಗಳಿಗೆ,

ನಿಜ ಬರೆದದ್ದಕ್ಕೆ ಸಂತೋಷ. ಓದಿದ ಮೇಲೆ ಸುಳ್ಳೇ ಮೇಲಿತ್ತು ಅನ್ನಿಸಿತು.

ತೋಳಿನ ಪಟ್ಟಿ ಬಿಚ್ಚಿದ್ದೇನೆ. ಹೊಸ ಚರ್ಮ ಕತ್ತರಿಸಿ ಇಟ್ಟಿದ್ದೇನೆ. ನಿನ್ನ ಕಾಗದ ಬಂದಂದಿನಿಂದ ಎರಡು ತುತ್ತು ನೆಮ್ಮದಿಯಾಗಿ ಇಳಿದಿಲ್ಲ. ನಿನ್ನೆ ಗಿರಾಕಿಯೊಬ್ಬರ ಚೀಲಕ್ಕೆ ಹಿಡಿಯನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಪಕ್ಕದಂಗಡಿಯ ಗಡಿಯಾರದವರು ನೋಡಿ, "ಏನಮ್ಮ, ಕನ್ನಡಕ ಬದಲಾಯಿಸ್ಬೇಕಾ?" ಅಂದರು. ಮಗಳನ್ನು ಬದಲಾಯಿಸಬೇಕು ಅಂದೆ.

ಒಂದು ಪ್ರಶ್ನೆ. ಎಂಟು ಸುತ್ತು ಮುಗಿಯುವ ಮೊದಲೇ ಹೆದರಿಕೆಯಾದರೆ ಹೊರಗೆ ಬರಬಹುದೇ? ಬಂದರೆ ಯಾರಾದರೂ ನಗುತ್ತಾರೆಯೇ?

ಅಮ್ಮ


ಮಾರ್ಚ್ 3, ಮಂಗಳವಾರ

ಅಮ್ಮಾ,

ಬರಬಹುದು. ಯಾರೂ ನಗುವುದಿಲ್ಲ. ಆದರೆ ನಾನು ಬರುವವಳಲ್ಲ ಎಂದು ನಿನಗೂ ಗೊತ್ತು, ಅದಕ್ಕೇ ಕೇಳಿದ್ದೀಯೆ.

ಅರ್ಜಿ ಹಾಕಿಬಿಟ್ಟೆ. ಎರಡು ದಿನದ ತರಗತಿ ಮುಗಿಯಿತು, ಟ್ರ್ಯಾಕಿನಲ್ಲಿ ತೋರಿಸುವ ಬಾವುಟಗಳ ಅರ್ಥದ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ನನ್ನ ಬೈಕಿನ ನಂಬರು 64. ಅರ್ಜಿಯಲ್ಲಿ 'ಏನಾದರೂ ಆದರೆ ಯಾರಿಗೆ ತಿಳಿಸಬೇಕು' ಎಂಬಲ್ಲಿ ಅಪ್ಪನ ಹೆಸರು ಬರೆದೆ. ನಿನ್ನದು ಬರೆಯಲು ಕೈ ಬರಲಿಲ್ಲ.

28ಕ್ಕೆ ಬೈಕು, ಸೂಟುಗಳ ಪರೀಕ್ಷೆ, 29ಕ್ಕೆ ರೇಸು. ಸೂಟು ಈ ಹದಿನೈದರೊಳಗೆ ಬೇಕು. ಬೈಯುವುದಿದ್ದರೆ ಸೂಟಿನ ಜೊತೆಗೇ ಕಳಿಸು.

ಮಗಳು


ಮಾರ್ಚ್ 9, ಸೋಮವಾರ

ಮಗಳಿಗೆ,

ಬೈಯುವುದಿಲ್ಲ. ಸೂಟು ಕಳಿಸಿದ್ದೇನೆ. ತೋಳಿನ ಕೆಲಸ ಮುಗಿದಿದೆ. ಹೊರಗಿನಿಂದ ನೋಡಿದರೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಎಂದು ಕೂಡ ಗೊತ್ತಾಗುವುದಿಲ್ಲ.

ಯೋಚಿಸಿದೆ. ನೀನು ಆರು ವರ್ಷದವಳಿದ್ದಾಗ ಬೀದಿಯ ತುದಿಯವರೆಗೆ ಸೈಕಲ್ ಓಡಿಸಲು ಬಿಡದೆ ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಅಂಗಡಿಗಳವರೆಲ್ಲ ಬಾಗಿಲಿಗೆ ಬಂದು ನಿಂತು ನಗುತ್ತಿದ್ದರು. ಈಗ ಓಡುವ ಶಕ್ತಿಯಿಲ್ಲ, ಓಡಿದರೂ ಸಿಗುವವಳಲ್ಲ ನೀನು. ಹೋಗಿ ಬಾ. ನಾನು ತಡೆಯುವುದಿಲ್ಲ. ಪರೀಕ್ಷೆ ಮಾಡುವವರು ಹೇಳಿದ ಹಾಗೆ ಕೇಳು. ಅವರು ಬೇಡ ಅಂದರೆ ಜಗಳವಾಡಬೇಡ, ವಾಪಸ್ಸು ಬಾ.

ಅಮ್ಮ


ಮಾರ್ಚ್ 16, ಸೋಮವಾರ

ಅಮ್ಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ತಡೆದಿದ್ದರೆ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. 'ಹೋಗಿ ಬಾ' ಅಂದೆಯಲ್ಲ, ಹೆದರಿಬಿಟ್ಟೆ. ಇಷ್ಟು ದಿನ ನನ್ನ ಪಾಲಿನ ಭಯವನ್ನೂ ನೀನೇ ಪಡುತ್ತಿದ್ದೆ. ನೀನು ಕೈಬಿಟ್ಟ ಕೂಡಲೇ ಅದು ನೇರ ನನ್ನ ಹತ್ತಿರ ಬಂತು.

ಈಗ ಹೇಳುತ್ತೇನೆ. ಬೀಳುವುದಕ್ಕೆ ನನಗೆ ಅಷ್ಟು ಹೆದರಿಕೆಯಿಲ್ಲ. ಮೊದಲ ತಿರುವಿಗೆ ಹತ್ತೊಂಬತ್ತು ಜನ ಒಟ್ಟಿಗೆ ನುಗ್ಗುವಾಗ ಪಕ್ಕದವನಿಗೆ ಜಾಗ ಬಿಡಬೇಕಾಗಿ ಬಂದರೆ ನಾನು ಬಿಡುತ್ತೇನೋ ಇಲ್ಲವೋ, ಅದು ಹೆದರಿಕೆ. ಹಸಿರು ಹೆಲ್ಮೆಟ್ಟಿನವನ ದಿನ ನಾನು ಬಿಡಲಿಲ್ಲ. ನಾನೊಬ್ಬಳೇ ಬಿದ್ದದ್ದು ಅದೃಷ್ಟ. ಅವನನ್ನೂ ಕೆಡವಿದ್ದರೆ?

ಹೆಸರು ವಾಪಸ್ಸು ತೆಗೆದುಕೊಂಡೆ. ಮೀಸೆ ಎರಡು ದಿನ ಮಾತು ಬಿಟ್ಟ, ಆಮೇಲೆ ಅವನೇ ಚಹಾ ತಂದುಕೊಟ್ಟ. ನೀನು ಹೇಳಿದ ಹಾಗೆ ಯಾರೂ ಯಾರನ್ನೂ ಹಿಂದೆ ಹಾಕದ ಕಡೆಯೇ ಇರುತ್ತೇನೆ. ಈ 22ರ ಭಾನುವಾರ ಟ್ರ್ಯಾಕ್ ಡೇ ಇದೆ, ಅದಕ್ಕೆ ಹೋಗುತ್ತೇನೆ. ಬಿದ್ದ ಮೇಲೆ ಮೊದಲ ಸಲ. ಆ ತಿರುವನ್ನು ಒಮ್ಮೆ ದಾಟಿಬಿಟ್ಟರೆ ಮನಸ್ಸು ಹಗುರಾಗುತ್ತದೆ.

ಸೂಟು ಹಾಕಿ ನೋಡಿದೆ. ಮೈಗೆ ಅಂಟಿಕೊಂಡ ಹಾಗಿದೆ. ಮೀಸೆ, "ಒಳಗೆ ಹೊಲಿಗೆ ನೋಡಿದ್ಯಾ?" ಅಂದ. ಟೈರಿನಿಂದ ಕೈಗವಸಿನವರೆಗೆ ಎಲ್ಲವನ್ನೂ ನೋಡಿ ಗುರುತು ಹಾಕಲು ನನ್ನ ಹತ್ತಿರ ಪಟ್ಟಿ ಇರುವುದು ಅವನಿಗೆ ಗೊತ್ತು. "ನಮ್ಮಮ್ಮ ಹೊಲಿದಿದ್ದು, ಅದನ್ನ ಏನು ನೋಡೋದು?" ಅಂದೆ.

ಈಗಲಾದರೂ ನೆಮ್ಮದಿಯಾಗಿ ಊಟ ಮಾಡು.

ನಿನ್ನ ಮಗಳು


ಮಾರ್ಚ್ 21, ಶನಿವಾರ, ಮಧ್ಯಾಹ್ನ

ಮಗಳೇ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಲು ನಿಂತರೆ ಹೇಳಲಾರೆ ಎಂದು ಬರೆಯುತ್ತಿದ್ದೇನೆ.

ನಿನ್ನ ಕಾಗದ ಈಗ ಹನ್ನೊಂದಕ್ಕೆ ಬಂತು. ಹನ್ನೊಂದರಿಂದ ನಿನ್ನ ಫೋನಿಗೆ ಮಾಡುತ್ತಲೇ ಇದ್ದೇನೆ. ಆಫ್ ಇದೆ. ಇರುತ್ತದೆಂದು ಗೊತ್ತಿದ್ದೂ ಮಾಡುತ್ತಿದ್ದೇನೆ. ನಿನ್ನ ಮೀಸೆಯ ನಂಬರು ನನ್ನ ಹತ್ತಿರ ಇಲ್ಲ. ಟ್ರ್ಯಾಕಿನ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ.

ನಿನ್ನ ಬಲತೋಳಿನಲ್ಲಿ ಒಳಹೊಲಿಗೆ ಒಂದೇ ಸಾಲಿದೆ. ಭುಜದಿಂದ ಮೊಣಕೈವರೆಗೆ ಎರಡನೆಯದನ್ನು ನಾನು ಹಾಕಲಿಲ್ಲ. ಮರೆತದ್ದಲ್ಲ. ದಾರ ಪೋಣಿಸಿ, ಮೆಷೀನಿನ ಮುಂದೆ ಕೂತು, ಎದ್ದುಬಿಟ್ಟೆ. ಪರೀಕ್ಷೆ ಮಾಡುವವನು ತೋಳು ತಿರುವಿ ನೋಡುತ್ತಾನೆ, ಬೇಡ ಅನ್ನುತ್ತಾನೆ, ನೀನು ಸಿಟ್ಟಾಗಿ ಸೂಟು ನನಗೆ ಕಳಿಸುತ್ತೀಯ, ಅಷ್ಟರಲ್ಲಿ ರೇಸು ಮುಗಿದಿರುತ್ತದೆ. ಇಷ್ಟೇ ನನ್ನ ಲೆಕ್ಕ. ಆ ಸೂಟು ತೊಟ್ಟು ನೀನು ಒಂದು ಗಜವೂ ಓಡಿಸುವುದಿಲ್ಲ ಎಂದುಕೊಂಡಿದ್ದೆ. 'ಹೋಗಿ ಬಾ' ಎಂದು ಧೈರ್ಯವಾಗಿ ಬರೆದದ್ದೂ ಅದಕ್ಕೇ. ನೀನು ಹೋಗಲಾರೆ ಎಂದು ನನಗೆ ಗೊತ್ತಿತ್ತಲ್ಲ.

ಆ ಕಾಗದ ಓದಿ ನೀನು ರೇಸು ಬಿಟ್ಟೆ. ತೋಳು ತಿರುವಿ ನೋಡದ ಕಡೆಗೆ ಹೊರಟೆ.

ಒಂದು ಸಾಲು ಎಷ್ಟು ತಡೆಯುತ್ತದೆ ಎಂದು ಈಗ ತುಂಡು ಚರ್ಮದ ಮೇಲೆ ಹೊಲಿದು ಒರಟು ಕಲ್ಲಿಗೆ ಉಜ್ಜಿ ನೋಡಿದೆ. ಎಷ್ಟು ಬೇಗ ಬಿಚ್ಚಿಕೊಂಡಿತು ಎಂದು ಬರೆಯುವುದಿಲ್ಲ.

ಗಡಿಯಾರದವರು ಬಸ್ಸಿನ ಸಮಯ ವಿಚಾರಿಸಿಕೊಟ್ಟರು. ನಾಳೆ ಬೆಳಗ್ಗೆ ಐದಕ್ಕಿಂತ ಮುಂಚೆ ಯಾವುದೂ ಇಲ್ಲ. ಆ ಬಸ್ಸು ಮುಟ್ಟುವುದು ಹತ್ತೂವರೆಗೆ. ನೀನು ಒಂಬತ್ತೂವರೆಗೆ ಟ್ರ್ಯಾಕಿಗೆ ಇಳಿಯುತ್ತೀಯ. ಆ ಒಂದು ಗಂಟೆಯನ್ನು ಏನು ಮಾಡಲಿ ಎಂದು ಯಾರನ್ನು ಕೇಳಲಿ? ನಿಮ್ಮಪ್ಪ ಈ ಸಲ ಪೇಪರ್ ಕೆಳಗಿಟ್ಟು, "ನಾನೂ ಬರ್ಲಾ?" ಅಂದರು. ಬೇಡ ಅಂದೆ. ಮಾಡಿದವಳು ನಾನು.

ದಬ್ಬಳ, ಮೇಣದ ದಾರ, ಎರಡು ಸೂಜಿ ಚೀಲಕ್ಕೆ ಹಾಕಿಕೊಂಡಿದ್ದೇನೆ.

ಅಮ್ಮ


ಏಪ್ರಿಲ್ 6, ಸೋಮವಾರ

ಅಮ್ಮಾ,

ಹದಿನೈದು ದಿನ ಬರೆಯಲಿಲ್ಲ. ಫೋನಿನಲ್ಲೂ 'ಊಟ ಆಯ್ತಾ, ಆಯ್ತು' ಎಂದಷ್ಟೇ ಮಾತಾಡಿದೆ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಕೆಲಸದಲ್ಲಿ ಏನೂ ತಿಳಿಯದಿದ್ದಾಗ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. ಹಾಗೇ ಬರೆಯುತ್ತೇನೆ.

ಎರಡನೇ ಸರದಿ ಮುಗಿಸಿ ಒಳಗೆ ಬಂದಾಗ ವ್ಯಾನಿನ ಪಕ್ಕ ನೀನು ನಿಂತಿದ್ದೆ. ಅಂಗಡಿಯ ಏಪ್ರನ್ ಮೈಮೇಲೇ ಇತ್ತು. ಐದೂವರೆ ಗಂಟೆ ಹೊತ್ತು ಬಸ್ಸಿನಲ್ಲಿ ಅದನ್ನು ಹಾಕಿಕೊಂಡೇ ಕೂತಿದ್ದೆಯೆಂದು ಕಾಣುತ್ತದೆ. ಅಪ್ಪನಿಗೆ ಏನೋ ಆಗಿದೆ ಎಂದುಕೊಂಡೆ. ನೀನು ಮೊದಲು ನನ್ನ ಬಲತೋಳು ಹಿಡಿದು ಮೇಲಿನಿಂದ ಕೆಳಗೆ ಸವರಿದೆ. ಆಮೇಲೆ ಕಾಗದ ಕೊಟ್ಟು, "ಓದು" ಅಂದೆ.

ಓದಿದೆ. ಅಸ್ತರು ಸರಿಸಿ ನೋಡಿದೆ. ಒಂದೇ ಸಾಲು.

ನೀನು ಮೀಸೆಯ ಟೂಲ್ ಬಾಕ್ಸಿನ ಮೇಲೆ ಕೂತು ಕೈಯಲ್ಲೇ ಹೊಲಿದೆ. ಒಂದೂವರೆ ಗಂಟೆ ಹಿಡಿಯಿತು. ನಾನು ಟೀ ಶರ್ಟಿನಲ್ಲಿ ಎದುರಿಗೆ ಕೂತಿದ್ದೆ. ಮೀಸೆ ಬಂದು, "ಅಮ್ಮಾ, ಚಹಾ ತರ್ಲಾ?" ಅಂದ. ನಮ್ಮಿಬ್ಬರ ಮುಖ ನೋಡಿ ಹಾಗೇ ಹಿಂದಕ್ಕೆ ಹೋದ. ಮೊಣಕೈ ಹತ್ತಿರ ಕೊನೆಯ ಗೇಣು ಹೊಲಿಗೆ ಸೊಟ್ಟಗಿದೆ. ನೀನು ದಾರ ಕತ್ತರಿಸಿದ ಮೇಲೆ ನಾನು ಸೂಟು ಹಾಕಿಕೊಂಡು ನಾಲ್ಕನೇ ಸರದಿಗೆ ಹೋದೆ. ನಿನ್ನನ್ನು ನೋಯಿಸಲು ಹೋದೆ. ಅದನ್ನೂ ಬರೆದುಬಿಡುತ್ತೇನೆ.

ಆ ಬೆಳಗ್ಗೆ ನಲವತ್ತು ನಿಮಿಷ ನಾನು ಒಂದೇ ಸಾಲು ದಾರವನ್ನು ನಂಬಿ ಆ ತಿರುವನ್ನು ಹದಿನೆಂಟು ಸಲ ದಾಟಿದ್ದೇನೆ. ಲಿಫ್ಟಿನ ಹಗ್ಗದ ವಿಷಯದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಲೈಸೆನ್ಸ್ ರದ್ದು ಮಾಡಿಸುತ್ತಿದ್ದೆ. ಅಮ್ಮಂದಿರಿಗೆ ಲೈಸೆನ್ಸ್ ಇರುವುದಿಲ್ಲ. ನಾನೂ ನಿನಗೆ ಸುಳ್ಳು ಬರೆದವಳೇ, ಒಪ್ಪುತ್ತೇನೆ. ಆದರೆ ನನ್ನ ಸುಳ್ಳಿನಿಂದ ನಿನ್ನ ಮೈ ಸುಲಿದುಹೋಗುತ್ತಿರಲಿಲ್ಲ.

ಸಿಟ್ಟು ಇನ್ನೂ ಇದೆ. ಏಪ್ರನ್ನಿನಲ್ಲಿ ನಿಂತಿದ್ದ ನಿನ್ನನ್ನು ನೆನೆದರೆ ಅಳು ಬರುತ್ತದೆ. ಎರಡೂ ಒಟ್ಟಿಗೆ ಇವೆ, ಯಾವುದೂ ಜಾಗ ಬಿಡುತ್ತಿಲ್ಲ.

ಮಗಳು


ಏಪ್ರಿಲ್ 13, ಸೋಮವಾರ

ಮಗಳೇ,

'ಕ್ಷಮಿಸು' ಎಂದು ಬರೆಯಲು ಹೋಗಿ ಮೂರು ಹಾಳೆ ಹರಿದೆ. ಒಂದರಲ್ಲಿ ಕಾರಣ ಜಾಸ್ತಿಯಾಯಿತು, ಒಂದರಲ್ಲಿ ಅಳು ಜಾಸ್ತಿಯಾಯಿತು. ಮೂರನೆಯದರಲ್ಲಿ ನಿನಗೇ ಬುದ್ಧಿ ಹೇಳಲು ಶುರುಮಾಡಿದ್ದೆ. ಕ್ಷಮಿಸು. ಇಷ್ಟೇ.

ಈಗ ನೀನು ಕೇಳದೆ ಇದ್ದರೂ ಒಂದು ಮಾತು. ಅವತ್ತು ನೀನು ನಾಲ್ಕನೇ ಸರದಿಗೆ ಹೋದಾಗ ನಾನು ಬೇಲಿಯ ಹತ್ತಿರ ನಿಂತಿದ್ದೆ. ನೀನು ಓಡಿಸುವುದನ್ನು ನೋಡಿದ್ದು ಅದೇ ಮೊದಲು. ಗೇಟಿನಲ್ಲಿದ್ದವನು ನಿನ್ನ ಜಿಪ್ ನೋಡಿ ಬೆನ್ನು ತಟ್ಟಿದ. ನಿನ್ನ ಹಿಂದಿದ್ದವನ ಜಾಕೆಟ್ಟಿಗೂ ಪ್ಯಾಂಟಿಗೂ ನಡುವೆ ಒಂದು ಗೇಣು ಶರ್ಟು ಕಾಣುತ್ತಿತ್ತು. ಅವನ ಬೆನ್ನನ್ನೂ ತಟ್ಟಿದ. ತಿರುವಿನಲ್ಲಿ ಹಿಂದೆ ಹಾಕಬಾರದು ಅಂದಿದ್ದೆಯಲ್ಲ, ಇಪ್ಪತ್ತು ನಿಮಿಷದಲ್ಲಿ ಐದು ಸಲ ಹಾಕಿದರು. ನಾನು ಎಣಿಸಿದೆ. ಐದನೆಯದು ನೀನು.

ನೀನು ಎಲ್ಲಿ ಹೋದರೂ ಅಟ್ಟಿಸಿಕೊಂಡು ಹೋಗುವವಳೇ ಕಣೇ. ಆರು ವರ್ಷದಲ್ಲೂ ಬೀದಿಯ ತುದಿಗೆ ಸುಮ್ಮನೆ ಹೋಗುತ್ತಿರಲಿಲ್ಲ, ಹಾಲಿನವನ ಸೈಕಲ್ಲನ್ನು ಹಿಂದೆ ಹಾಕಲು ಹೋಗುತ್ತಿದ್ದೆ.

ಇನ್ನೊಂದು ಯೋಚನೆ ಬಂತು, ಬಂದ ಮೇಲೆ ನಾಚಿಕೆಯಾಯಿತು. ಆ ತೋಳಿನ ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ನಾನು ಯಾರನ್ನು ನಂಬಿದ್ದೆ? ರೇಸಿನ ಪರೀಕ್ಷಕನನ್ನು. ಮುಖ ಕಾಣದ ಆ ಮನುಷ್ಯ ಖಂಡಿತ ಬೆರಳಿಟ್ಟು ಎಣಿಸುತ್ತಾನೆ, ನನ್ನ ಮಗಳನ್ನು ಖಂಡಿತ ತಡೆಯುತ್ತಾನೆ ಎಂದು ನಿನ್ನ ಜೀವವನ್ನೇ ಅವನ ಕೈಗೆ ಕೊಟ್ಟಿದ್ದೆ. ಅಷ್ಟು ನಂಬಿಕೆ ಇದ್ದ ಕಡೆಗೆ ನಿನ್ನನ್ನು ಕಳಿಸಲು ಮಾತ್ರ ಹೆದರಿದೆ.

ಎರಡೂ ಬಿಟ್ಟು ಮನೆಯಲ್ಲಿ ಕೂರು ಎಂದು ಬರೆಯುವ ಆಸೆ ಹೋಗಿಲ್ಲ, ಬರೆಯುವ ಯೋಗ್ಯತೆ ಹೋಗಿದೆ. ಅಟ್ಟಿಸಿಕೊಂಡು ಹೋಗುವುದಾದರೆ ತೋಳು ತಿರುವಿ ನೋಡುವವರಿರುವ ಕಡೆ ಹೋಗು. ನಾನು ಬಂದು ನೋಡಲಾರೆ. ಒಂದು ಸಲ ನೋಡಿದ್ದು ಸಾಕು. ಅರ್ಜಿಯಲ್ಲಿ ಮಾತ್ರ ಈ ಸಲ ನನ್ನ ಹೆಸರು ಬರಿ. ನಿಮ್ಮಪ್ಪನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ.

ಅಮ್ಮ


ಮೇ 18, ಸೋಮವಾರ

ಅಮ್ಮಾ,

ನಿನ್ನೆ ಸಂಜೆ ಫೋನ್ ಮಾಡಿ "ಊಟ ಆಯ್ತಾ?" ಅಂದೆನಲ್ಲ, ನೀನು "ಈಗ ಮಾಡ್ತೀನಿ" ಅಂದೆಯಲ್ಲ, ನಿಯಮ ಮುರಿಯದೆ ನಾವು ರೇಸಿನ ಬಗ್ಗೆ ಮಾತಾಡಿದ್ದು ಅಷ್ಟು. ಉಳಿದದ್ದು ಇಲ್ಲಿದೆ.

ಹತ್ತೊಂಬತ್ತರಲ್ಲಿ ಹದಿನಾಲ್ಕನೆಯವಳು. ಗೋಡೆಯ ಮೇಲೆ ಅಂಟಿಸಿದ್ದರು, 64ರ ಪಕ್ಕದಲ್ಲಿ. ಮೂರು ಸಲ ಹೋಗಿ ನೋಡಿ ಬಂದೆ. ಹಿಂದಿನ ದಿನ ಬೆಳಗ್ಗೆಯಿಂದ ಒಂದು ತುತ್ತು ಇಳಿದಿರಲಿಲ್ಲ. ಗೆರೆಯ ಮೇಲಿನ ಕೆಂಪು ದೀಪ ಆರಿ ಬೈಕುಗಳು ಹೊರಟವು. ಮೊದಲ ತಿರುವಿನಲ್ಲಿ ನನ್ನ ಎಡಕ್ಕೆ ಒಬ್ಬ ನುಗ್ಗಿದ. ಜಾಗ ಇರಲಿಲ್ಲ. ನಾನು ಆಕ್ಸಿಲರೇಟರಿನ ಮೇಲಿನ ಕೈ ಸಡಿಲಿಸಿದೆ ಅಮ್ಮ. ಬಿಟ್ಟುಕೊಟ್ಟೆ. ಅವನು ಮುಂದೆ ಹೋದ, ನಾವಿಬ್ಬರೂ ಬೀಳಲಿಲ್ಲ. ಐದನೇ ಸುತ್ತಿನಲ್ಲಿ ನೇರ ದಾರಿಯಲ್ಲಿ ಅವನನ್ನು ಹಿಂದೆ ಹಾಕಿದೆ. ಇಷ್ಟು ತಿಂಗಳು ನನ್ನ ಬಗ್ಗೆ ನನಗೆ ಗೊತ್ತಿರದಿದ್ದದ್ದು ಅದೊಂದೇ, ಈಗ ಗೊತ್ತಾಯಿತು. ಇನ್ನು ಮುಂದೆ ರೇಸೋ ಟ್ರ್ಯಾಕ್ ಡೇಯೋ, ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನದು ಜುಲೈಯಲ್ಲಿದೆ, ಹೆಸರು ಕೊಟ್ಟಿದ್ದೇನೆ.

ಇನ್ನೊಂದು ವಿಷಯವನ್ನು ಬರೆಯದೆ ಇರಬಹುದಿತ್ತು. ಮುಚ್ಚಿಟ್ಟು ನಮ್ಮಿಬ್ಬರಿಗೂ ಆದದ್ದು ಸಾಕು ಎಂದು ಬರೆಯುತ್ತಿದ್ದೇನೆ.

ನನ್ನ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಟೈರು, ಸರಪಳಿ, ಬ್ರೇಕು, ಹೆಲ್ಮೆಟ್ಟಿನ ಪಟ್ಟಿ, ಹೀಗೆ. ಸೂಟಿಗೆ 'ಜಿಪ್' ಎಂದಷ್ಟೇ ಇತ್ತು. ಶುಕ್ರವಾರ ಅದರ ಕೆಳಗೆ ಹದಿನೈದನೆಯದು ಬರೆದೆ, 'ಬಲತೋಳು, ಒಳಹೊಲಿಗೆ' ಎಂದು. ಬರೆಯುವಾಗ ತುಂಬ ಅಳು ಬಂತು. ಕೋಪದಿಂದ ಬರೆದದ್ದಲ್ಲ, ಕೋಪ ಹೋಗಿ ಬಹಳ ದಿನವಾಯಿತು. ಆದರೂ ಬರೆದೆ, ಅಳಿಸುವುದಿಲ್ಲ.

ಶನಿವಾರ ಪರೀಕ್ಷೆಯ ಮೇಜಿನ ಹತ್ತಿರ ಸೂಟು ಕೊಟ್ಟೆ. ಕನ್ನಡಕದ ಮುದುಕ, ನೀನು ನಂಬಿದ್ದ ಆ ಮನುಷ್ಯ ಅವನೇ ಇರಬೇಕು. ಅಸ್ತರು ಸರಿಸಿ, ತೋಳು ತಿರುವಿ, ಭುಜದಿಂದ ಬೆರಳಿಟ್ಟುಕೊಂಡು ಬಂದ. ಮೊಣಕೈ ಹತ್ತಿರ, ಸೊಟ್ಟಗಿರುವ ಕಡೆ, ಬೆರಳು ನಿಂತಿತು. ಎರಡೂ ಹೆಬ್ಬೆರಳಿನಲ್ಲಿ ಹಿಡಿದು ಎಳೆದು ನೋಡಿದ. ಹೊಲಿಗೆ ಅಲ್ಲಾಡಲಿಲ್ಲ.

"ಕೈಹೊಲಿಗೆ. ಯಾರು ಹಾಕಿದ್ದು?" ಅಂದ.

"ನಮ್ಮಮ್ಮ" ಅಂದೆ.

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಅಮ್ಮ ಹೊಲಿದಿದ್ದು ಅಂತ ಹಾಗೇ ತಂದ್ಯೋ, ನೀನೂ ನೋಡ್ಕೊಂಡಿದೀಯೋ?"

"ನೋಡ್ಕೊಂಡಿದೀನಿ" ಅಂದೆ.

ಅವನು ಚೀಟಿ ಅಂಟಿಸಿ ಸೂಟು ವಾಪಸ್ಸು ಕೊಟ್ಟ.

ನಿನ್ನ ಮಗಳು